ಅಪಸರಣದ ಒಳಗೆ ಏನಿದೆ?

1, 2, 3 ಎಂದು ಎಲ್ಲ ಎಣಿಕೆಯ ಸಂಖ್ಯೆಗಳನ್ನೂ ಕೂಡಿದರೆ ಮೊತ್ತ −1/12 ಎಂಬ ಮಾತು ಈಗ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಪದವಿ ತರಗತಿಯ ವಿದ್ಯಾರ್ಥಿಗಳು ಅದನ್ನು ತೋರಿಸಿ, ಅಪಸರಣ ಹೊಂದುವ ಶ್ರೇಣಿಗೂ ಮೊತ್ತವಿದೆಯಲ್ಲ ಎನ್ನುತ್ತಾರೆ. ಪ್ರಶ್ನೆ ಒಳ್ಳೆಯದೇ. ಉತ್ತರಕ್ಕೆ ಬೇಕಾದ ಗಣಿತ ಮಾತ್ರ ಅವರ ಪಠ್ಯದಲ್ಲಿಲ್ಲ. ಅಲ್ಲಿ ಅಭಿಸರಣವನ್ನು ಪತ್ತೆ ಮಾಡಲು ಬೇಕಾದಷ್ಟು ಪರೀಕ್ಷೆಗಳಿವೆ. ಅವುಗಳಲ್ಲಿ ಸೋತದ್ದಕ್ಕೆಲ್ಲ ಅಪಸರಣ ಎಂಬ ಒಂದೇ ಮುದ್ರೆ. ಪದಗಳನ್ನು ಒಂದೊಂದಾಗಿ ಕೂಡುತ್ತಾ ಹೋದಾಗ ಸಿಗುವ ಮೊತ್ತಗಳಲ್ಲಿ, 1, 3, 6, 10 ಎಂದು ಏರುತ್ತಲೇ ಹೋಗುವ ಅನುಕ್ರಮಕ್ಕೂ 1, 0, 1, 0 ಎಂದು ತೂಗಾಡುವ ಅನುಕ್ರಮಕ್ಕೂ ಅದೇ ಮುದ್ರೆ.

ಹಳೆಯ ಕಥೆಯನ್ನು ಬೇಗ ಹೇಳಬಹುದು. 14ನೇ ಶತಮಾನದಲ್ಲಿ ಫ್ರಾನ್ಸಿನ ಒರೆಮ್, 1 + 1/2 + 1/3 + … ಎಲ್ಲೆ ಮೀರಿ ಬೆಳೆಯುತ್ತದೆಂದು ತೋರಿಸಿದ. ಕೇರಳದ ಗಣಿತ ಪರಂಪರೆ 1 − 1/3 + 1/5 − … ಶ್ರೇಣಿಯನ್ನು ಸಂಗಮಗ್ರಾಮದ ಮಾಧವನ ಹೆಸರಿಗೆ ಸೇರಿಸುತ್ತದೆ. ಅದರ ನೂರು ಪದಗಳನ್ನು ಕೂಡಿ ನಾಲ್ಕರಿಂದ ಗುಣಿಸಿದರೂ ಪೈ ಬೆಲೆ 3.1316ರಷ್ಟಕ್ಕೇ ನಿಲ್ಲುತ್ತದೆ. ಈ ನಿಧಾನವನ್ನು ಆ ಪಂಡಿತರು ಬಲ್ಲವರಾಗಿದ್ದರು; ಕೊನೆಗೆ ಸೇರಿಸಬೇಕಾದ ತಿದ್ದುಪಡಿಯ ಪದಗಳನ್ನೂ ಕೊಟ್ಟರು. ಅವರ ಹಿರಿಮೆ ಇರುವುದು ಅಲ್ಲಿ, ಎಲ್ಲವನ್ನೂ ಯುರೋಪಿಗಿಂತ ಮೊದಲೇ ಕಂಡಿದ್ದರು ಎಂಬ ಘೋಷಣೆಯಲ್ಲಲ್ಲ. 1817ರಲ್ಲಿ ಪ್ರಾಗ್‌ನ ಬೋಲ್ಜಾನೊ, 1821ರಲ್ಲಿ ಪ್ಯಾರಿಸ್ಸಿನ ಕೋಶಿ, ಪದಗಳು ಒಂದಕ್ಕೊಂದು ಹತ್ತಿರವಾಗುತ್ತಾ ಹೋದರೆ ಮಿತಿ ಇದ್ದೇ ಇರುತ್ತದೆ ಎಂದರು. ಆ ಮಾತಿಗೆ ತಳಪಾಯ ಸಿಕ್ಕಿದ್ದು 1872ರಲ್ಲಿ, ಡೆಡೆಕಿಂಡ್ ಮತ್ತು ಕ್ಯಾಂಟರ್ ವಾಸ್ತವ ಸಂಖ್ಯೆಗಳನ್ನೇ ಕಟ್ಟಿ ತೋರಿಸಿದಾಗ.

ಅನುಕ್ರಮದ ಕೆಲವು ಪದಗಳನ್ನಷ್ಟೇ ಕ್ರಮ ಕೆಡಿಸದೆ ಆಯ್ದರೆ ಸಿಗುವುದು ಉಪಾನುಕ್ರಮ. ಈ ಉಪಕರಣ ಹರಿತವಾದದ್ದು ಬೋಲ್ಜಾನೊ–ವೈಯರ್‌ಸ್ಟ್ರಾಸ್ ಪ್ರಮೇಯದಲ್ಲಿ: ಎರಡು ಎಲ್ಲೆಗಳ ನಡುವೆ ಉಳಿಯುವ ಯಾವುದೇ ಅನುಕ್ರಮದಿಂದ ಅಭಿಸರಿಸುವ ಒಂದು ಉಪಾನುಕ್ರಮವನ್ನು ಆಯ್ದುಕೊಳ್ಳಬಹುದು. ರೇಡಿಯನ್ ಲೆಕ್ಕದಲ್ಲಿ ಸೈನ್ 1, ಸೈನ್ 2, ಸೈನ್ 3 ಎಂದು ಬರೆದುಕೊಂಡು ಹೋಗಿ. ಈ ಅನುಕ್ರಮ ಎಲ್ಲಿಯೂ ನೆಲೆಯಾಗದು. ಆದರೂ −1ರಿಂದ 1ರವರೆಗಿನ ಯಾವ ಸಂಖ್ಯೆ ಕೇಳಿದರೂ ಅದರತ್ತ ಸಾಗುವ ಉಪಾನುಕ್ರಮ ಇದರೊಳಗಿದೆ. ಸೈನ್ 11 ಹೆಚ್ಚುಕಡಿಮೆ −1, ಸೈನ್ 355 ಹೆಚ್ಚುಕಡಿಮೆ 0. ಪೈಗೆ 22/7 ಮತ್ತು 355/113 ಎಷ್ಟು ಹತ್ತಿರ ಎಂಬುದೇ ಇದರ ಗುಟ್ಟು. ಇನ್ನು ಸೈನ್‌ಗಳ ಸರಾಸರಿ ತೆಗೆಯುತ್ತಾ ಹೋದರೆ ಅದು ಸೊನ್ನೆಗೆ ಬಂದು ನಿಲ್ಲುತ್ತದೆ. ಇಷ್ಟು ಶಿಸ್ತಿರುವ ಅನುಕ್ರಮವನ್ನು ಬರಿಯ ಅಪಸರಣ ಎಂದು ಕೈಬಿಡುವುದು ಅನ್ಯಾಯ.

ಸರಾಸರಿಯ ಈ ದಾರಿಯೇ ಸಂಕಲನ ಸಿದ್ಧಾಂತ. ನಾನು ಬೆಳೆದದ್ದು ಅದರಲ್ಲೇ, ಹಾಗಾಗಿ ಇಲ್ಲಿ ತುಸು ನಿಲ್ಲುತ್ತೇನೆ. 1890ರಲ್ಲಿ ಚೆಸಾರೊ 1, 0, 1, 0 ಅನುಕ್ರಮಕ್ಕೆ ಸರಾಸರಿಯಿಂದ 1/2 ಎಂಬ ಬೆಲೆ ದಕ್ಕುವಂಥ ವಿಧಾನವನ್ನು ವ್ಯವಸ್ಥಿತವಾಗಿ ಬೆಳೆಸಿದರು. 1911ರಲ್ಲಿ ಟೋಪ್ಲಿಟ್ಜ್, ಅಭಿಸರಣವಿರುವಲ್ಲಿ ಮಿತಿಯನ್ನು ಕೆಡಿಸದ ವಿಧಾನಗಳ ಲಕ್ಷಣ ಹೇಳಿದರು. ಇಂಥವನ್ನು ನಿಯತ ವಿಧಾನ ಎನ್ನೋಣ. ಸರಾಸರಿಯ ಅಭಿಸರಣದಿಂದ ಮೂಲದ ಅಭಿಸರಣಕ್ಕೆ ಮರಳಲು ಏನು ಬೇಕು ಎಂಬ ಪ್ರಶ್ನೆಯನ್ನು 1897ರಲ್ಲೇ ಟೌಬರ್ ಎತ್ತಿದ್ದರು. ಹಾರ್ಡಿ ಮತ್ತು ಲಿಟಲ್‌ವುಡ್ ಅದನ್ನು ಎತ್ತರಕ್ಕೊಯ್ದರು, ಮದರಾಸು ಅದಕ್ಕೆ ಎರಡನೆಯ ತವರಾಯಿತು. ಹಾರ್ಡಿಯವರ ಬಳಿ ಕಲಿತು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳಿದ ಕೆ. ಆನಂದರಾವ್, ಅವರ ಶಿಷ್ಯ ಸಿ.ಟಿ. ರಾಜಗೋಪಾಲ್, ರಾಮಾನುಜನ್ ಸಂಸ್ಥೆಯ ಮೊದಲ ನಿರ್ದೇಶಕ ಟಿ. ವಿಜಯರಾಘವನ್ ಇಲ್ಲಿ ದುಡಿದವರು. ಚಂದ್ರಶೇಖರನ್ ಮತ್ತು ಮೀನಾಕ್ಷಿಸುಂದರಂ 1952ರಲ್ಲಿ ತಂದ ‘ಟಿಪಿಕಲ್ ಮೀನ್ಸ್’ ಗ್ರಂಥ ಈ ಕ್ಷೇತ್ರದ ಆಧಾರಸ್ತಂಭಗಳಲ್ಲಿ ಒಂದು. ಕೇರಳದ ಶ್ರೇಣಿಗಳ ಬಗ್ಗೆ 1940ರ ದಶಕದಿಂದಲೇ ಬರೆದವರೂ ಇದೇ ರಾಜಗೋಪಾಲ್. ಮಾಧವನನ್ನು ಹೊಗಳುವವರು ರಾಜಗೋಪಾಲರನ್ನು ಓದುವುದಿಲ್ಲ ಎಂಬುದು ನನ್ನ ಕೊರಗು.

ಉಪಾನುಕ್ರಮಕ್ಕೂ ಸರಾಸರಿಗೂ ಗಂಟು ಬಿದ್ದದ್ದು 1943ರಲ್ಲಿ, ಅಮೆರಿಕದ ಆರ್.ಸಿ. ಬಕ್ ಅವರ ಪುಟ್ಟ ಲೇಖನವೊಂದರಲ್ಲಿ. ಒಂದು ಅನುಕ್ರಮದ ಎಲ್ಲ ಉಪಾನುಕ್ರಮಗಳಿಗೂ ಒಂದೇ ನಿಯತ ವಿಧಾನ ಬೆಲೆ ಕೊಡಬಲ್ಲುದಾದರೆ ಆ ಅನುಕ್ರಮ ಮೊದಲೇ ಅಭಿಸರಿಸುತ್ತಿರುತ್ತದೆ. ಸರಾಸರಿಯ ವಿಧಾನ ಎಷ್ಟೇ ಜಾಣತನದ್ದಾಗಿರಲಿ, ಅಪಸರಿಸುವ ಅನುಕ್ರಮದ ಯಾವುದೋ ಒಂದು ಉಪಾನುಕ್ರಮ ಅದರ ಕೈ ತಪ್ಪಿಸಿಕೊಳ್ಳುತ್ತದೆ. ಇಡೀ ಕ್ಷೇತ್ರದಲ್ಲಿ ನನಗೆ ಇದಕ್ಕಿಂತ ಅಚ್ಚುಮೆಚ್ಚಿನ ಫಲಿತಾಂಶವಿಲ್ಲ.

ಈಗ −1/12ಕ್ಕೆ ಬರೋಣ. 1, 3, 6, 10, … ಇದರ ಪ್ರತಿಯೊಂದು ಉಪಾನುಕ್ರಮವೂ ಅನಂತಕ್ಕೇ ಹೋಗುತ್ತದೆ. ಋಣವಲ್ಲದ ತೂಕಗಳ ಯಾವ ನಿಯತ ಸರಾಸರಿಯೂ ಅದನ್ನು ತಡೆಯಲಾರದು. −1/12 ಬರುವುದು ಝೀಟಾ ಫಲನವನ್ನು ಅದರ ಮೂಲ ವ್ಯಾಪ್ತಿಯಾಚೆಗೆ ವಿಸ್ತರಿಸಿದಾಗ. ಅದು ಸೊಗಸಾದ ಗಣಿತ, ಆದರೆ ಕೂಡುವುದಲ್ಲ. 1 − 1 + 1 − …ಗೆ ಸಿಗುವ 1/2ನ್ನೂ ಇದನ್ನೂ ಒಂದೇ ಉಸಿರಿನಲ್ಲಿ ಹೇಳುವವರು ಎರಡು ಬಗೆಯ ಅಪಸರಣವನ್ನು ಕಲಸಿಬಿಡುತ್ತಾರೆ.

ಬಕ್ ಅವರ ನಂತರದ ಬೆಳವಣಿಗೆಯಲ್ಲಿ 1951ರಲ್ಲಿ ಫಾಸ್ಟ್ ಮತ್ತು ಸ್ಟೈನ್‌ಹೌಸ್ ಮಂಡಿಸಿದ ಸಾಂಖ್ಯಿಕ ಅಭಿಸರಣ ಮುಖ್ಯ. ವರ್ಗಸಂಖ್ಯೆಗಳ ಸ್ಥಾನದಲ್ಲಿ 1, ಉಳಿದೆಡೆ 0 ಇಟ್ಟರೆ ಮೊದಲ 10,000 ಪದಗಳಲ್ಲಿ 1 ಬರುವುದು ನೂರೇ ಸಲ. ಹೀಗೆ ವಿರಳವಾಗುತ್ತಾ ಹೋಗುವ ಪದಗಳನ್ನು ಲೆಕ್ಕಕ್ಕೆ ಹಿಡಿಯದ ಆ ಅರ್ಥದಲ್ಲಿ ಮಿತಿ 0. 1985ರಲ್ಲಿ ಫ್ರೈಡಿ ಬರೆದ ಲೇಖನದ ನಂತರ ಈ ದಿಕ್ಕಿನಲ್ಲಿ ಪ್ರಬಂಧಗಳ ಪ್ರವಾಹವೇ ಬಂದಿದೆ. ವ್ಯಾಖ್ಯೆಯನ್ನು ಇಷ್ಟಿಷ್ಟೇ ಹಿಗ್ಗಿಸಿ ಹಳೆಯ ಪ್ರಮೇಯವನ್ನೇ ಮತ್ತೆ ಸಾಧಿಸುವ ಬರಹ ಅದರಲ್ಲಿ ಹೆಚ್ಚು.

ಗಮನ ಬೇಕಿರುವುದು ಬೇರೆ ಕಡೆ. ಬೋಲ್ಜಾನೊ–ವೈಯರ್‌ಸ್ಟ್ರಾಸ್ ಸಾಧನೆಯಲ್ಲಿ ಅಂತರವನ್ನು ಎರಡಾಗಿ ಸೀಳಿ, ಅನಂತ ಪದಗಳಿರುವ ಅರ್ಧವನ್ನು ಹಿಡಿಯುತ್ತೇವೆ. ಅದು ಯಾವ ಅರ್ಧ ಎಂದು ಲೆಕ್ಕ ಹಾಕಿ ಹೇಳುವ ಸಾಮಾನ್ಯ ವಿಧಾನವಿಲ್ಲ. ಲೆಕ್ಕ ಹಾಕಬಲ್ಲ, ಏರುತ್ತಾ ಹೋಗುವ, ಎಲ್ಲೆ ಮೀರದ ಭಾಗಲಬ್ಧ ಸಂಖ್ಯೆಗಳ ಅನುಕ್ರಮಕ್ಕೂ ಲೆಕ್ಕಕ್ಕೆ ಸಿಗದ ಮಿತಿ ಇರಬಹುದೆಂದು 1949ರಲ್ಲಿ ಸ್ಪೆಕರ್ ತೋರಿಸಿದ್ದಾರೆ. ನಾನು ಪಾಠ ಮಾಡಿದ ಪಠ್ಯಕ್ರಮಗಳಲ್ಲಿ ಸ್ಪೆಕರ್ ಇರಲಿಲ್ಲ, ಬಕ್ ಕೂಡ ಇರಲಿಲ್ಲ. ಇಬ್ಬರ ಪ್ರಮೇಯಗಳನ್ನೂ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿ ಒಂದು ವಾರದ ತರಗತಿಗಳಲ್ಲಿ ಅರಗಿಸಿಕೊಳ್ಳಬಲ್ಲ. ಆ ವಾರವನ್ನು ಅನುಪಾತ ಪರೀಕ್ಷೆಯ ಇನ್ನಷ್ಟು ಲೆಕ್ಕಗಳಿಂದ ಬಿಡಿಸಿಕೊಳ್ಳಬಹುದು.