ಟ್ರೈಕೋಡರ್ಮಾ ಹಾಕಿದರೆ ಹೊಲದ ವಿಷ ಹೋಗುತ್ತದೆಯೇ?

ಟ್ರೈಕೋಡರ್ಮಾ ಎಂಬ ಶಿಲೀಂಧ್ರವನ್ನು ಸಗಣಿ ಗೊಬ್ಬರದಲ್ಲಿ ಬೆರೆಸಿ ಎರಚಿದರೆ ತಿಂಗಳಲ್ಲಿ ಮಣ್ಣಿನ ಕೀಟನಾಶಕವೆಲ್ಲ ಮಾಯ ಎನ್ನುವಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಕಡ್ಡಿರಾಂಪುರ, ಕಂಪ್ಲಿ ಕಡೆಯ ಬಾಳೆ ಬೆಳೆಗಾರರಿಗೆ ಈ ಹೆಸರು ಹೊಸದಲ್ಲ. ಆದರೆ ಅದನ್ನು ಬಳಸುವುದು ಬಾಳೆಯ ಸೊರಗು ರೋಗದಂಥ ಕಾಯಿಲೆ ತಡೆಯಲು. ವಿಷ ತೆಗೆಯುವ ಮಾತು ಅರ್ಧ ಮಾತ್ರ ನಿಜ.

ಶಿಲೀಂಧ್ರಗಳಿಗೆ ಆ ಶಕ್ತಿ ಇದೆ. ಮರ ಕೊಳೆಸುವ ಬಿಳಿ ಅಣಬೆಗಳು ಲಿಗ್ನಿನ್ ಎಂಬ ಗಟ್ಟಿ ವಸ್ತುವನ್ನು ಒಡೆಯುತ್ತವೆ. ಅವುಗಳ ಕಿಣ್ವ ಒಂದೇ ಬೀಗದ ಕೀಲಿಯಲ್ಲ, ಯಾವ ಬೀಗವನ್ನೂ ಮುರಿಯುವ ಹಾರೆ ಇದ್ದ ಹಾಗೆ. 1985ರಲ್ಲಿ ಅಮೆರಿಕದ ಸಂಶೋಧಕರು ಇಂಥದ್ದೊಂದು ಶಿಲೀಂಧ್ರ ಡಿಡಿಟಿ, ಲಿಂಡೇನ್‌ಗಳನ್ನೂ ಒಡೆಯುತ್ತದೆ ಎಂದು ತೋರಿಸಿದರು. ಟ್ರೈಕೋಡರ್ಮಾ ಎಂಡೋಸಲ್ಫಾನನ್ನು ಒಡೆಯುವುದೂ ಪ್ರಯೋಗಾಲಯದಲ್ಲಿ ಕಂಡಿದೆ.

ತೊಡಕು ಇರುವುದು ಒಡೆದ ಮೇಲೆ ಏನು ಉಳಿಯುತ್ತದೆ ಎನ್ನುವುದರಲ್ಲಿ. ಎಂಡೋಸಲ್ಫಾನನ್ನೇ ನೋಡಿ. ಕಾಸರಗೋಡಿನ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರ್‌ನಿಂದ ಸುರಿದದ್ದು, ದಕ್ಷಿಣ ಕನ್ನಡದ ಗೇರು ತೋಟಗಳಿಗೂ ಸಿಂಪಡಿಸಿದ್ದು ಇದನ್ನೇ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ದೇಶದಾದ್ಯಂತ ತಡೆ ಹಾಕಿತು. ಮಣ್ಣಿನಲ್ಲಿ ಇದು ಎರಡು ದಾರಿ ಹಿಡಿಯುತ್ತದೆ. ಒಂದರಲ್ಲಿ ವಿಷ ಕಡಿಮೆಯಿರುವ ಡಯಾಲ್ ಆಗುತ್ತದೆ. ಇನ್ನೊಂದರಲ್ಲಿ ಎಂಡೋಸಲ್ಫಾನ್ ಸಲ್ಫೇಟ್. ಇದು ಮೂಲದಷ್ಟೇ ವಿಷ, ಮಣ್ಣಿನಲ್ಲಿ ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಅನೇಕ ಶಿಲೀಂಧ್ರಗಳು ಹಿಡಿಯುವುದು ಈ ಎರಡನೇ ದಾರಿಯನ್ನೇ! 'ಎಂಡೋಸಲ್ಫಾನ್ ಇಲ್ಲ' ಎಂದ ಮಾತ್ರಕ್ಕೆ ಮಣ್ಣು ಶುದ್ಧವಾಯಿತು ಎಂದಲ್ಲ.

ಪ್ರಯೋಗಾಲಯದ ಸೀಸೆಯಲ್ಲಿ ಒಂದೇ ವಿಷ, ಹದವಾದ ಬಿಸಿ, ಬೇಕಾದಷ್ಟು ಆಹಾರ. ಹೊಲದಲ್ಲಿ ಹಾಗಿಲ್ಲ. ಮಣ್ಣಿನಲ್ಲಿ ಮೊದಲೇ ಇರುವ ಜೀವಿಗಳ ಜೊತೆ ಪೈಪೋಟಿ, ಮೇಲೆ ಬೇಸಿಗೆಯ ಕಾವು. ಹುಲ್ಲು, ಗೊಬ್ಬರ ಇಲ್ಲದಿದ್ದರೆ ಶಿಲೀಂಧ್ರ ಉಪವಾಸ. ಜೊತೆಗೇ ಕಾರ್ಬೆಂಡಾಜಿಂ ಹಾಕಿದರೆ ಅದು ಸಾಯುತ್ತದೆ, ದುಡ್ಡೂ ದಂಡ. ಬೋರ್ಡೊ ದ್ರಾವಣದಿಂದ ಬಂದ ತಾಮ್ರವಂತೂ ಲೋಹ, ಅದನ್ನು ಯಾವ ಶಿಲೀಂಧ್ರವೂ ಒಡೆಯಲಾರದು.

ರೋಗಕ್ಕಾಗಿ ಟ್ರೈಕೋಡರ್ಮಾ ಹಾಕುತ್ತಿದ್ದರೆ ಮುಂದುವರಿಸಿ. ಭತ್ತದ ಹುಲ್ಲು, ಬಾಳೆ ಕಸ ಸುಡದೆ ಮಣ್ಣಿಗೆ ಸೇರಿಸಿ, ವಿಷ ಒಡೆಯುವ ಜೀವಿಗಳಿಗೆ ಅದೇ ಊಟ. ಔಷಧಿ ಬೆರೆಸುವ, ಪಂಪು ತೊಳೆಯುವ ಜಾಗದಲ್ಲಿ ಮಾತ್ರ ಸೊಪ್ಪು ತರಕಾರಿ ಬೆಳೆಯಬೇಡಿ.

ಮಣ್ಣು ಆರೋಗ್ಯ ಕಾರ್ಡ್ ನೋಡಿ ಸಮಾಧಾನಪಡುವಂತಿಲ್ಲ. ಅದರ 12 ಅಂಶಗಳಲ್ಲಿ ಕೀಟನಾಶಕದ ಉಳಿಕೆ ಸೇರಿಲ್ಲ. ಅದಕ್ಕೆ ಬೇರೆಯೇ ಪರೀಕ್ಷೆ ಬೇಕು. ಮಾಡಿಸಿದರೆ ವರದಿಯಲ್ಲಿ ಸಲ್ಫೇಟನ್ನೂ ಅಳೆದಿದ್ದಾರೆಯೇ ಎಂದು ಕೇಳಿ.