ಅತಿಥಿ, ಹೊಸ್ತಿಲು ಮತ್ತು ಹಳ್ಳಿ: ಥಾಯ್ಲೆಂಡಿನ ಸಮುದಾಯಾಧಾರಿತ ಪ್ರವಾಸೋದ್ಯಮದ ಚಾರಿತ್ರಿಕ ನೆಲೆಗಳು

ಪ್ರವಾಸೋದ್ಯಮವು ಗ್ರಾಮೀಣ ಸಂಸ್ಕೃತಿಯನ್ನು ಉಳಿಸುತ್ತದೆಯೇ ಅಥವಾ ಅಳಿಸುತ್ತದೆಯೇ ಎಂಬ ಪ್ರಶ್ನೆ ಜಾನಪದ ಅಧ್ಯಯನಕ್ಕೆ ಹೊಸದಲ್ಲ. ಡೀನ್ ಮೆಕ್‌ಕ್ಯಾನೆಲ್ ೧೯೭೩ರಲ್ಲಿ ‘ರಂಗಸಜ್ಜಿತ ನೈಜತೆ’ಯ ಪರಿಕಲ್ಪನೆಯನ್ನು ಮಂಡಿಸಿ, ಪ್ರವಾಸಿಗನಿಗೆ ಕಾಣುವುದು ಆತನಿಗಾಗಿಯೇ ಸಿದ್ಧಗೊಂಡ ಮುಂಗೋಣೆ ಎಂದು ವಾದಿಸಿದರು. ಥಾಯ್ಲೆಂಡಿನಲ್ಲಿ ದೀರ್ಘಕಾಲ ಕ್ಷೇತ್ರಕಾರ್ಯ ನಡೆಸಿದ ಎರಿಕ್ ಕೋಹೆನ್ ೧೯೮೮ರಲ್ಲಿ ಇದಕ್ಕೆ ತಿದ್ದುಪಡಿ ಸೂಚಿಸಿ, ಸರಕಾದ ಮಾತ್ರಕ್ಕೆ ಆಚರಣೆಯೊಂದು ತನ್ನವರ ಪಾಲಿಗೆ ಅರ್ಥಹೀನವಾಗಬೇಕಿಲ್ಲ ಎಂದರು. ಎರಡೂ ವಾದಗಳ ಕೇಂದ್ರದಲ್ಲಿರುವುದು ನೈಜತೆಯ ಪ್ರಶ್ನೆ. ಥಾಯ್ ಹಳ್ಳಿಗಳ ಕಳೆದ ಮೂರು ದಶಕಗಳ ಅನುಭವವು ಅದಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಮುಂದಿಡುತ್ತದೆ. ಅತಿಥಿ ಯಾವಾಗ ಬರಬೇಕು, ಎಷ್ಟು ಮಂದಿ ಬರಬೇಕು, ಯಾವ ಕಟ್ಟಳೆಗೆ ಒಳಪಟ್ಟು ಹೊಸ್ತಿಲು ದಾಟಬೇಕು ಎಂಬುದನ್ನು ತೀರ್ಮಾನಿಸುವವರು ಯಾರು? ಸಮುದಾಯಾಧಾರಿತ ಪ್ರವಾಸೋದ್ಯಮದ ಏಳುಬೀಳುಗಳನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

೧. ಹಿನ್ನೆಲೆ

ಥಾಯ್ಲೆಂಡಿನ ಸರ್ಕಾರಿ ಪ್ರವಾಸೋದ್ಯಮ ಸಂಸ್ಥೆ ೧೯೬೦ರಲ್ಲಿ ಕೆಲಸ ಆರಂಭಿಸಿತು. ಆ ವರ್ಷ ದೇಶಕ್ಕೆ ಬಂದ ವಿದೇಶಿ ಪ್ರವಾಸಿಗರು ಸುಮಾರು ೮೦ ಸಾವಿರ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರು ವಿಶ್ರಾಂತಿಗಾಗಿ ಬಂದದ್ದು, ೧೯೭೯ರಲ್ಲಿ ಆ ಸಂಸ್ಥೆ ಪ್ರಾಧಿಕಾರವಾಗಿ ಬೆಳೆದದ್ದು, ೧೯೮೭ನ್ನು ‘ಥಾಯ್ಲೆಂಡ್ ಸಂದರ್ಶನ ವರ್ಷ’ವೆಂದು ಆಚರಿಸಿದ್ದು ಈ ಬೆಳವಣಿಗೆಯ ಮುಖ್ಯ ಘಟ್ಟಗಳು. ೨೦೧೯ರ ವೇಳೆಗೆ ಪ್ರವಾಸಿಗರ ಸಂಖ್ಯೆ ನಾಲ್ಕು ಕೋಟಿಯ ಸಮೀಪಕ್ಕೆ ಬಂದಿತ್ತು. ಆದರೆ ಆದಾಯದ ಬಹುಪಾಲು ಬ್ಯಾಂಕಾಕ್, ಪಟ್ಟಾಯ, ಫುಕೆಟ್‌ನಂಥ ಕೆಲವೇ ಕೇಂದ್ರಗಳಲ್ಲಿ ನೆಲೆನಿಂತಿತು. ಹಳ್ಳಿಗಳಿಂದ ಹೊರಟದ್ದು ದುಡಿಮೆಗಾರರು.

ಹಳ್ಳಿಗೇ ಪ್ರವಾಸಿಗರು ಬಂದಾಗಲೂ ಹಳ್ಳಿಯ ಮಾತು ನಡೆಯುತ್ತಿತ್ತೆನ್ನಲಾಗದು. ೧೯೭೦ರ ದಶಕದಿಂದ ಚಿಯಾಂಗ್ ಮಾಯ್ ಸುತ್ತಲಿನ ಬೆಟ್ಟಗಳಲ್ಲಿ ಬೆಳೆದ ಚಾರಣ ಪ್ರವಾಸದಲ್ಲಿ ದರ, ದಾರಿ, ದಿನ ಮೂರನ್ನೂ ಗೊತ್ತುಮಾಡುತ್ತಿದ್ದವರು ನಗರದ ಏಜೆನ್ಸಿಗಳು. ಇದರ ಅತ್ಯಂತ ಕಠೋರ ರೂಪ ಮೇ ಹೊಂಗ್ ಸೋನ್ ಪ್ರಾಂತದಲ್ಲಿ ಕಾಣಸಿಗುತ್ತದೆ. ಬರ್ಮಾದ ಸಂಘರ್ಷದಿಂದ ತಪ್ಪಿಸಿಕೊಂಡು ಬಂದ ಕಯನ್ ಜನರ ವಸತಿಗಳು, ಅಲ್ಲಿಯ ಹೆಂಗಸರು ಕೊರಳಿಗೆ ಧರಿಸುವ ಹಿತ್ತಾಳೆಯ ಸುರುಳಿಯ ಕಾರಣದಿಂದ, ಪ್ರವೇಶಶುಲ್ಕ ತೆತ್ತು ನೋಡುವ ತಾಣಗಳಾದವು. ಮೂರನೆಯ ದೇಶದಲ್ಲಿ ನೆಲೆಸಲು ಅವಕಾಶ ಪಡೆದಿದ್ದ ಕೆಲವು ಕಯನ್ ಕುಟುಂಬಗಳಿಗೆ ದೇಶ ಬಿಡುವ ಅನುಮತಿ ದೊರೆಯದಿದ್ದುದನ್ನು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ೨೦೦೮ರಲ್ಲಿ ಬಹಿರಂಗವಾಗಿ ಆಕ್ಷೇಪಿಸಿತು. ಇಲ್ಲಿ ಆಭರಣವು ನೈಜವಾದುದೇ. ಇಲ್ಲವಾಗಿದ್ದುದು ಆತಿಥೇಯರ ಸ್ವಾತಂತ್ರ್ಯ. ನೈಜತೆಯೊಂದನ್ನೇ ಅಳತೆಗೋಲಾಗಿಸಿಕೊಂಡರೆ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

೨. ‘ಸಮುದಾಯ’ ಎಂಬ ಪರಿಕಲ್ಪನೆ

ಸಮುದಾಯಾಧಾರಿತ ಪ್ರವಾಸೋದ್ಯಮ ಹುಟ್ಟಿದ್ದು ಪ್ರವಾಸೋದ್ಯಮದ ಒಳಗಿನಿಂದಲ್ಲ, ಗ್ರಾಮಾಭಿವೃದ್ಧಿಯ ಚಿಂತನೆಯಿಂದ. ೧೯೮೦ರ ದಶಕದಲ್ಲಿ ಸ್ವಯಂಸೇವಾ ಸಂಸ್ಥೆಗಳ ಕಾರ್ಯಕರ್ತರು ‘ಸಮುದಾಯ ಸಂಸ್ಕೃತಿ’ಯೇ ಅಭಿವೃದ್ಧಿಯ ಅಡಿಪಾಯವೆಂಬ ವಿಚಾರವನ್ನು ರೂಪಿಸಿದರು. ಇತಿಹಾಸಕಾರ ಛತ್ತಿಪ್ ನಾರ್ತ್‌ಸುಫಾ ಅವರು ಗತಕಾಲದ ಥಾಯ್ ಗ್ರಾಮ ಆರ್ಥಿಕತೆಯನ್ನು ಕುರಿತು ೧೯೮೪ರಲ್ಲಿ ಪ್ರಕಟಿಸಿದ ಕೃತಿ ಇದಕ್ಕೆ ಚಾರಿತ್ರಿಕ ಬಲ ನೀಡಿತು. ಹಳ್ಳಿಯ ಹಿರಿಯರಿಂದ ಸಂಗ್ರಹಿಸಿದ ಮೌಖಿಕ ಆಕರಗಳೇ ಅದರ ಮುಖ್ಯ ಆಧಾರವಾಗಿದ್ದುದು ಜಾನಪದ ದೃಷ್ಟಿಯಿಂದ ಗಮನಾರ್ಹ. ಇದಕ್ಕೆ ಪ್ರತಿಯಾಗಿ ಜೆರೆಮಿ ಕೆಂಪ್ ೧೯೮೮ರಲ್ಲಿ, ಆಗ್ನೇಯ ಏಷ್ಯಾದ ಅಖಂಡ ಗ್ರಾಮಸಮುದಾಯವೆಂಬುದು ವಿದ್ವಾಂಸರನ್ನು ಸೆಳೆಯುವ ಮರೀಚಿಕೆಯೆಂದು ವಾದಿಸಿದರು. ೧೮೯೭ರ ಸ್ಥಳೀಯಾಡಳಿತ ಕಾನೂನು ಮನೆಗಳನ್ನು ‘ಮೂಬಾನ್’ ಎಂಬ ಘಟಕಗಳಾಗಿ ವಿಂಗಡಿಸಿತ್ತೆಂಬುದನ್ನು ನೆನೆದರೆ, ಇಂದಿನ ಹಳ್ಳಿಯ ಗಡಿಯಲ್ಲಿ ಆಡಳಿತದ ಕೈವಾಡವೂ ಇದೆಯೆಂಬುದು ಸ್ಪಷ್ಟ. ಹಾಗಾಗಿ ಸಮುದಾಯವು ಎಂದೋ ಸಿದ್ಧವಾಗಿದ್ದ ವಸ್ತುವಲ್ಲ. ಸಮಾನ ಹಿತವೊಂದರ ಸುತ್ತ ಮತ್ತೆ ಮತ್ತೆ ಕಟ್ಟಿಕೊಳ್ಳಬೇಕಾದ ಸಂಬಂಧ.

೧೯೯೭ರ ಜುಲೈನಲ್ಲಿ ಬಾತ್ ನಾಣ್ಯ ಕುಸಿದಾಗ ನಗರದಲ್ಲಿ ಕೆಲಸ ಕಳೆದುಕೊಂಡ ಅನೇಕರು ಹಳ್ಳಿಗೆ ಮರಳಿದರು. ಅದೇ ವರ್ಷದ ಸಂವಿಧಾನವು ಸಂಪ್ರದಾಯ ಹಾಗೂ ಸ್ಥಳೀಯ ಸಂಪನ್ಮೂಲಗಳ ರಕ್ಷಣೆಯಲ್ಲಿ ಸಮುದಾಯಗಳ ಹಕ್ಕನ್ನು ಮನ್ನಿಸಿತು. ೨೦೦೬ರಲ್ಲಿ ಸೈನ್ಯವು ಆ ಸಂವಿಧಾನವನ್ನು ರದ್ದುಗೊಳಿಸಿದರೂ ಸಮುದಾಯದ ಹಕ್ಕೆಂಬ ಮಾತು ೨೦೦೭ರ ಸಂವಿಧಾನದಲ್ಲಿಯೂ ಉಳಿಯಿತು. ಇಂಥ ವಾತಾವರಣದಲ್ಲಿ, ೧೯೯೪ರಲ್ಲಿ ಸ್ಥಾಪನೆಗೊಂಡ ‘ರೆಸ್ಟ್’ ಎಂಬ ಸಂಸ್ಥೆಯ ಪ್ರಯೋಗಗಳಿಗೆ ಮಹತ್ವ ಬಂದಿತು. ಅದರ ನೇತೃತ್ವ ವಹಿಸಿದ್ದ ಪೊಟ್ಚನಾ ಸುವಾನ್‌ಶ್ರೀ ೨೦೦೩ರಲ್ಲಿ ಪ್ರಕಟಿಸಿದ ಕೈಪಿಡಿ ಈ ಕ್ಷೇತ್ರದ ಆಕರಗ್ರಂಥವಾಯಿತು. ಹಳ್ಳಿಯೇ ಮಾಲೀಕ, ಹಳ್ಳಿಯೇ ವ್ಯವಸ್ಥಾಪಕ, ಅತಿಥಿ ಕಲಿಯಲು ಬಂದವನು ಎಂಬುದು ಅದರ ತಿರುಳು.

೩. ಕಡಲ ಹಳ್ಳಿ: ಕೊಹ್ ಯಾವ್ ನೊಯಿ

ಫುಕೆಟ್ ಮತ್ತು ಕ್ರಾಬಿಯ ನಡುವಿನ ಫಾಂಗ್ ಙಾ ಕೊಲ್ಲಿಯಲ್ಲಿರುವ ಈ ದ್ವೀಪದ ನಿವಾಸಿಗಳಲ್ಲಿ ಹೆಚ್ಚಿನವರು ಮುಸ್ಲಿಂ ಮೀನುಗಾರರು. ದಡದಿಂದ ಮೂರು ಕಿಲೋಮೀಟರ್ ಒಳಗೆ ಟ್ರಾಲರ್ ಮೀನುಗಾರಿಕೆಯನ್ನು ನಿಷೇಧಿಸಿದ ನಿಯಮ ೧೯೭೨ರಿಂದಲೇ ಇತ್ತು. ಆದರೂ ದೊಡ್ಡ ದೋಣಿಗಳು ದಡದ ಸಮೀಪಕ್ಕೆ ನುಗ್ಗಿ ಮೀನಿನ ಸಂತಾನವನ್ನೇ ಬಾಚುತ್ತಿದ್ದವು. ಇದರ ವಿರುದ್ಧ ಸಂಘಟಿತರಾದ ಸಣ್ಣ ಮೀನುಗಾರರು ಹೊರಜಗತ್ತಿನ ಸಾಕ್ಷಿಗಳನ್ನು ಪಡೆಯಲು ಕಂಡುಕೊಂಡ ಮಾರ್ಗ ಹೋಂಸ್ಟೇ. ಅತಿಥಿಗಳು ಮೀನುಗಾರರ ಮನೆಯಲ್ಲಿ ತಂಗುತ್ತಾರೆ, ಬಲೆ ಬೀಸುವುದನ್ನು ನೋಡುತ್ತಾರೆ, ಕಡಲಿನ ಕಥೆಯನ್ನು ಕೇಳುತ್ತಾರೆ. ಅತಿಥಿಗಳ ಹಂಚಿಕೆ ಸರದಿಯಂತೆ. ಆದಾಯದ ಒಂದು ಪಾಲು ಸಾಮೂಹಿಕ ನಿಧಿಗೆ. ಮದ್ಯ ಕೂಡದು, ಉಡುಪು ಮರ್ಯಾದೆಗೆ ಒಪ್ಪುವಂತಿರಬೇಕು ಎಂಬ ಕಟ್ಟಳೆಗಳನ್ನು ಅತಿಥಿಗೆ ಮುಂಚಿತವಾಗಿಯೇ ತಿಳಿಸಲಾಗುತ್ತದೆ. ಈ ಪ್ರಯೋಗಕ್ಕೆ ೨೦೦೨ರಲ್ಲಿ ‘ವರ್ಲ್ಡ್ ಲೆಗಸಿ’ ಪ್ರಶಸ್ತಿ ಸಂದಿತು.

ಇಲ್ಲಿ ಪ್ರವಾಸೋದ್ಯಮವು ಮೀನುಗಾರಿಕೆಯ ಸ್ಥಾನವನ್ನು ಆಕ್ರಮಿಸದೆ ಅದರ ರಕ್ಷಣೆಗೆ ಸಾಧನವಾಯಿತು. ಆದರೆ ಕೀರ್ತಿಯೊಡನೆ ಬೇರೆಯ ಬಂಡವಾಳವೂ ಬಂದಿತು. ದ್ವೀಪದಲ್ಲಿ ದುಬಾರಿ ವಿಹಾರಧಾಮಗಳು ತಲೆಯೆತ್ತಿದವು. ಹೋಂಸ್ಟೇ ಸಂಘದ ನಿಯಮ ಸಂಘದ ಸದಸ್ಯರನ್ನು ಬಂಧಿಸಬಲ್ಲದೇ ಹೊರತು ನೆಲ ಕೊಂಡವರನ್ನಲ್ಲ ಎಂಬ ಮಿತಿ ಆಗ ಗೋಚರವಾಯಿತು.

೪. ಬೆಟ್ಟದ ಹಳ್ಳಿ: ಮೇ ಕಾಂಪೊಂಗ್

ಚಿಯಾಂಗ್ ಮಾಯ್ ನಗರದಿಂದ ಸುಮಾರು ೫೦ ಕಿಲೋಮೀಟರ್ ದೂರದ ಈ ಹಳ್ಳಿ ಹುಟ್ಟಿದ್ದೇ ‘ಮಿಯಾಂಗ್’ ಕಾರಣದಿಂದ. ಕಾಡಿನ ನೆರಳಿನಲ್ಲಿ ಬೆಳೆಯುವ ಚಹಾಗಿಡದ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಕಟ್ಟುಕಟ್ಟಿ, ಹುದುಗಿಸಿ, ಉಪ್ಪಿನೊಡನೆ ಜಗಿಯುವ ಪದಾರ್ಥವೇ ಮಿಯಾಂಗ್. ನಮ್ಮ ಎಲೆ ಅಡಿಕೆಯಂತೆ ಅದು ಉತ್ತರ ಥಾಯ್ ಮನೆಗಳಲ್ಲಿ ಬಂದವರಿಗೆ ಮೊದಲು ನೀಡುವ ಸತ್ಕಾರ. ಹೊಸ ತಲೆಮಾರು ಅದನ್ನು ಜಗಿಯುವುದನ್ನು ಬಿಟ್ಟಂತೆ ಮಾರುಕಟ್ಟೆ ಕುಗ್ಗಿತು, ಕಾಫಿ ಬಂದಿತು, ೨೦೦೦ದಲ್ಲಿ ಹೋಂಸ್ಟೇ ಆರಂಭವಾಯಿತು. ಕಿರು ಜಲವಿದ್ಯುತ್ತಿಗಾಗಿ ಸಹಕಾರ ಸಂಘ ಕಟ್ಟಿ ನಡೆಸಿದ ಅನುಭವ ಗ್ರಾಮಸ್ಥರಿಗೆ ಮೊದಲೇ ಇದ್ದುದರಿಂದ ಸರದಿ, ಸಾಮೂಹಿಕ ನಿಧಿ, ಲೆಕ್ಕಪತ್ರಗಳು ಅವರಿಗೆ ಹೊಸತಾಗಲಿಲ್ಲ. ಈ ಯಶಸ್ಸಿನ ಬೇರು ಪ್ರವಾಸೋದ್ಯಮಕ್ಕಿಂತ ಹಳೆಯದು.

೨೦೧೦ರ ದಶಕದಲ್ಲಿ ಪರಿಸ್ಥಿತಿ ಬದಲಾಯಿತು. ಸಾಮಾಜಿಕ ಜಾಲತಾಣಗಳ ಚಿತ್ರಗಳನ್ನು ಕಂಡ ಥಾಯ್ ಪ್ರವಾಸಿಗರೇ ವಾರಾಂತ್ಯಗಳಲ್ಲಿ ಕಿಕ್ಕಿರಿದರು. ಬಹುಪಾಲು ಮಂದಿ ರಾತ್ರಿ ತಂಗುವವರಲ್ಲ. ಕಾಫಿ ಕುಡಿದು, ಚಿತ್ರ ತೆಗೆಸಿಕೊಂಡು ಮರಳುವವರು. ಹೊರಗಿನ ಉದ್ಯಮಿಗಳು ಮನೆಗಳನ್ನು ಬಾಡಿಗೆಗೆ ಪಡೆದು ಅಂಗಡಿಗಳನ್ನೂ ವಸತಿಗೃಹಗಳನ್ನೂ ತೆರೆದರು. ಸರದಿಯ ಪಟ್ಟಿಯಲ್ಲಿ ಹೆಸರಿಲ್ಲದ ಅತಿಥಿಗೆ ಸರದಿಯ ನಿಯಮ ಅನ್ವಯಿಸದು. ಮಿಯಾಂಗ್ ಸತ್ಕಾರದ ತಾಂಬೂಲವಾಗಿ ಉಳಿಯುವುದು ಕಷ್ಟವಾಗಿ ಪ್ರಾತ್ಯಕ್ಷಿಕೆಯ ವಸ್ತುವಾಗತೊಡಗಿತು. ಪರಿಣಾಮವನ್ನು ಕೇವಲ ನಷ್ಟವೆಂದು ಬಣ್ಣಿಸುವುದೂ ಸರಿಯಲ್ಲ: ಊರು ಬಿಟ್ಟಿದ್ದ ಯುವಜನರಲ್ಲಿ ಕೆಲವರಿಗೆ ಊರಿನಲ್ಲೇ ಬದುಕು ದೊರೆಯಿತು.

೫. ಮಣಿಕಟ್ಟಿನ ದಾರ

ಆಚರಣೆಯ ಮೇಲಾದ ಪರಿಣಾಮಕ್ಕೆ ‘ಸು ಖ್ವನ್’ ವಿಧಿ ಉತ್ತಮ ನಿದರ್ಶನ. ದೇಹದಲ್ಲಿ ೩೨ ‘ಖ್ವನ್’ಗಳು, ಅಂದರೆ ಪ್ರಾಣಚೈತನ್ಯಗಳು, ನೆಲೆಸಿವೆಯೆಂದೂ ಭಯ, ರೋಗ, ದೂರಪ್ರಯಾಣಗಳಲ್ಲಿ ಅವು ದೇಹವನ್ನು ಬಿಟ್ಟು ಅಲೆಯುತ್ತವೆಯೆಂದೂ ನಂಬಿಕೆ. ಬಾಳೆಲೆಯಿಂದ ಕಟ್ಟಿದ ‘ಬಾಯ್ ಸಿ’ಯನ್ನು ಇರಿಸಿ, ಹಿರಿಯನೊಬ್ಬ ಆಹ್ವಾನದ ನುಡಿಗಳನ್ನು ಹೇಳಿ, ಮಣಿಕಟ್ಟಿಗೆ ಬಿಳಿಯ ದಾರ ಕಟ್ಟುತ್ತಾನೆ. ಮದುವೆ, ಪ್ರವ್ರಜ್ಯೆ, ಕಾಯಿಲೆಯಿಂದ ಚೇತರಿಕೆ ಮೊದಲಾದ ಸಂದರ್ಭಗಳಲ್ಲಿ ಇದು ನಡೆಯುತ್ತದೆ. ದೂರದಿಂದ ಬಂದವರಿಗೂ ಸಲ್ಲುತ್ತದೆ. ಆದುದರಿಂದ ಪ್ರವಾಸಿಗೆ ದಾರ ಕಟ್ಟುವುದು ಸಂಪ್ರದಾಯದ ಉಲ್ಲಂಘನೆಯಲ್ಲ, ಅದರ ತರ್ಕದ ವಿಸ್ತರಣೆ. ವ್ಯತ್ಯಾಸವಾಗುವುದು ಬೇರೆಡೆ. ವಿಧಿಯ ಹೊತ್ತನ್ನು ಪ್ರವಾಸದ ವೇಳಾಪಟ್ಟಿ ಗೊತ್ತುಮಾಡಿದಾಗ ಆಹ್ವಾನದ ನುಡಿ ಮೊಟಕಾಗುತ್ತದೆ. ಮೌಖಿಕ ಪಠ್ಯವನ್ನು ಪೂರ್ತಿಯಾಗಿ ಕಲಿಯುವ ಅಗತ್ಯ ಕಿರಿಯರಿಗೆ ಕಡಿಮೆಯಾಗುತ್ತದೆ.

ಉತ್ತರದ ಮನೆಗಳಲ್ಲಿ ಕುಲದ ಚೈತನ್ಯಗಳನ್ನು ಕುರಿತ ನಂಬಿಕೆಯೂ ಹೀಗೆಯೇ. ಮದುವೆಯಾಗದವರು ಮನೆಯಲ್ಲಿ ಒಟ್ಟಿಗೆ ಮಲಗಿದರೆ ಅದು ‘ಫಿತ್ ಫೀ’, ಅಂದರೆ ಚೈತನ್ಯಗಳಿಗೆ ಅಪಚಾರ. ಕಾಣಿಕೆ ಸಲ್ಲಿಸಿ ಪರಿಹರಿಸಿಕೊಳ್ಳಬೇಕು. ಈ ನಿಷೇಧವನ್ನು ಅತಿಥಿಗೂ ಅನ್ವಯಿಸುವ ಮನೆ ತನ್ನ ಲೋಕದೃಷ್ಟಿಯನ್ನು ಉಳಿಸಿಕೊಂಡಿದೆ. ಬಾಡಿಗೆಯ ಕೋಣೆಗೆ ಇಂಥ ನಿಷೇಧವಿಲ್ಲ, ಏಕೆಂದರೆ ಅಲ್ಲಿ ಹೊಸ್ತಿಲು ಕಾಯುವ ಹಿರಿಯರಿಲ್ಲ.

೬. ಸಮಾರೋಪ

ಪ್ರಭುತ್ವವು ಕ್ರಮೇಣ ಈ ಮಾದರಿಯನ್ನು ತನ್ನದಾಗಿಸಿಕೊಂಡಿತು. ೨೦೦೧ರಲ್ಲಿ ಪ್ರತಿ ತಾಂಬೋನ್‌ಗೆ ಒಂದು ಉತ್ಪನ್ನವೆಂಬ ಯೋಜನೆ, ೨೦೦೩ರಲ್ಲಿ ಸುಸ್ಥಿರ ಪ್ರವಾಸೋದ್ಯಮಕ್ಕಾಗಿ ಪ್ರತ್ಯೇಕ ಸಂಸ್ಥೆ, ೨೦೧೮ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಹಳ್ಳಿಗಳನ್ನು ಪ್ರವಾಸಿ ಗ್ರಾಮಗಳಾಗಿಸುವ ಕಾರ್ಯಕ್ರಮ ಬಂದವು. ಕಡಲ ಹಳ್ಳಿಗೆ ಪ್ರವಾಸೋದ್ಯಮ ಹೋರಾಟದ ಅಸ್ತ್ರವಾಗಿತ್ತು; ಬೆಟ್ಟದ ಹಳ್ಳಿಗೆ ಸಹಕಾರದ ಮುಂದುವರಿಕೆಯಾಗಿತ್ತು. ಅಂಥ ಪೂರ್ವಸಿದ್ಧತೆಯಿಲ್ಲದ ಹಳ್ಳಿಗೆ ಅದು ಮೇಲಿನಿಂದ ಬಂದ ಗುರಿಯಷ್ಟೇ ಆಗಬಹುದು. ೨೦೨೦ರಲ್ಲಿ ಕೋವಿಡ್ ಕಾರಣದಿಂದ ವಿದೇಶಿ ಪ್ರವಾಸಿಗರ ಸಂಖ್ಯೆ ೭೦ ಲಕ್ಷಕ್ಕಿಂತ ಕೆಳಗಿಳಿದಾಗ, ಬಲೆಯನ್ನೂ ತೋಟವನ್ನೂ ಕೈಬಿಡದಿದ್ದವರಿಗೆ ಮರಳಲು ಒಂದು ಬದುಕಿತ್ತು.

ಇವೆಲ್ಲದರಿಂದ ತಿಳಿದುಬರುವುದು ಇಷ್ಟು: ಅತಿಥಿಯ ಬರವಿನಿಂದಲೇ ಸಂಪ್ರದಾಯ ಕೆಡುವುದಿಲ್ಲ. ಅತಿಥಿಗೆ ‘ಇಂದು ಬೇಡ’ ಎನ್ನುವ ಅಧಿಕಾರ ಹಳ್ಳಿಯ ಕೈಯಲ್ಲಿರುವವರೆಗೆ ಆಚರಣೆಯು ಬದಲಾಗುತ್ತಲೇ ಹಳ್ಳಿಯ ಸ್ವತ್ತಾಗಿ ಉಳಿಯುತ್ತದೆ. ಆ ಅಧಿಕಾರ ಕೈತಪ್ಪಿದ ಮೇಲೆ ಆಚರಣೆಯನ್ನು ಅಕ್ಷರಶಃ ಕಾಪಾಡಿದರೂ ಹಳ್ಳಿಗೆ ಉಳಿಯುವುದು ಪ್ರದರ್ಶನದ ಪಾಲು ಮಾತ್ರ. ಜಾನಪದ ವಿದ್ವಾಂಸರು ಆಚರಣೆಯ ಪಠ್ಯವನ್ನು ದಾಖಲಿಸುವಷ್ಟೇ ಶ್ರದ್ಧೆಯಿಂದ ಸರದಿಯ ಪಟ್ಟಿ, ನಿಧಿಯ ಲೆಕ್ಕ, ಅತಿಥಿ ನಿಯಮಗಳನ್ನೂ ದಾಖಲಿಸಬೇಕಾದುದು ಈ ಕಾರಣದಿಂದ.