ಇನ್ಸುಲಿನ್ ಪಂಪೂ ರೋಗಿಯ ಪಾಠಶಾಲೆಯೂ

ಆಸ್ಪತ್ರೆಯೆಂದರೆ ರೋಗಿ ಮಲಗಿರುವ ಸ್ಥಳ, ವೈದ್ಯರು ಓಡಾಡುವ ಸ್ಥಳ ಎಂದು ನಾವೆಲ್ಲ ಭಾವಿಸಿದ್ದೇವೆ. ಅಲ್ಲಿ ಕಪ್ಪು ಹಲಗೆಗೂ ಬೆಂಚಿಗೂ ಏನು ಕೆಲಸ? ಆದರೆ ಸಕ್ಕರೆ ಕಾಯಿಲೆಯ ಚಿಕಿತ್ಸೆಯ ಚರಿತ್ರೆಯಲ್ಲಿ ಔಷಧಿಯ ಕೊಠಡಿಗೆ ಎಷ್ಟು ಸ್ಥಾನವಿದೆಯೋ ಪಾಠದ ಕೊಠಡಿಗೂ ಅಷ್ಟೇ ಸ್ಥಾನವಿದೆ. ಈಗ ಇನ್ಸುಲಿನ್ ಪಂಪು ಎಂಬ ಅಂಗೈಯಗಲದ ಯಂತ್ರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಛೇರಿಗೂ ಶಾಲೆಗೂ ಹೋಗಿಬರುವವರು ಅನೇಕ ದೇಶಗಳಲ್ಲಿದ್ದಾರೆ. ಸರಿಯಾದ ಏರ್ಪಾಡಿರುವ ಕಡೆ, ಯಂತ್ರವನ್ನು ಕೈಗೆ ಕೊಡುವ ಮೊದಲು ಅವರನ್ನು ಕೂರಿಸಿಕೊಂಡು ಪಾಠ ಹೇಳುತ್ತಾರೆ. ಪಂಪಿನ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಯಂತ್ರದ ಕಥೆಯನ್ನಷ್ಟೇ ಹೇಳಿ ಮುಗಿಸುತ್ತಾರೆ. ಪಾಠದ ಕಥೆ ಅದಕ್ಕಿಂತ ಅರವತ್ತು ವರ್ಷ ಹಿಂದಿನದು. ನನ್ನ ಮಟ್ಟಿಗೆ ಹೆಚ್ಚು ಸ್ವಾರಸ್ಯವಾದದ್ದೂ ಅದೇ.

ಆ ಕಥೆ ಅಮೆರಿಕದ ಬಾಸ್ಟನ್ ನಗರದಲ್ಲಿ ಮೊದಲಾಗುತ್ತದೆ. ಎಲಿಯಟ್ ಜಾಸ್ಲಿನ್ ಎಂಬ ವೈದ್ಯರು 1918ರಲ್ಲಿ ಸಕ್ಕರೆ ಕಾಯಿಲೆಯವರಿಗಾಗಿ ಒಂದು ಕೈಪಿಡಿಯನ್ನು ಪ್ರಕಟಿಸಿದರು. ಅದು ವೈದ್ಯನಿಗೂ ರೋಗಿಗೂ ಒಟ್ಟಿಗೆ ಬರೆದ ಪುಸ್ತಕವಾಗಿತ್ತು. ಆಗ ಇನ್ಸುಲಿನ್ ಇನ್ನೂ ಬಂದಿರಲಿಲ್ಲ. ರೋಗಿಯನ್ನು ಅರೆಹೊಟ್ಟೆಯಲ್ಲಿಟ್ಟು ಸಾವನ್ನು ಕೆಲವು ತಿಂಗಳೋ ವರ್ಷವೋ ಮುಂದೂಡುವುದೇ ಇದ್ದ ಉಪಾಯ. ಅಂಥ ಕಠಿಣ ಪಥ್ಯವನ್ನು ಮನೆಯಲ್ಲಿ ನಡೆಸಬೇಕಾದವನು ರೋಗಿಯೇ ಆದ್ದರಿಂದ, ಅವನಿಗೆ ತಿಳಿಯದ ಚಿಕಿತ್ಸೆ ಚಿಕಿತ್ಸೆಯೇ ಅಲ್ಲ ಎಂಬುದನ್ನು ಜಾಸ್ಲಿನ್ನರು ಬಹು ಬೇಗ ಕಂಡುಕೊಂಡರು. ಅವರ ತಾಯಿಗೂ ಇದೇ ಕಾಯಿಲೆಯಿತ್ತು.

1921ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಪ್ರತ್ಯೇಕಿಸಿದ್ದು, 1922ರ ಜನವರಿಯಲ್ಲಿ ಅದನ್ನು ಮೊದಲ ಬಾರಿಗೆ ಒಬ್ಬ ಹುಡುಗನಿಗೆ ಚುಚ್ಚಿದ್ದು ಎಲ್ಲರೂ ಬಲ್ಲ ಸಂಗತಿ. ಅದೇ ವರ್ಷದ ಆಗಸ್ಟ್ 7ರಂದು ಜಾಸ್ಲಿನ್ನರು ತಮ್ಮ ಮೊದಲ ರೋಗಿಗೆ, ಒಬ್ಬ ದಾದಿಗೆ, ಇನ್ಸುಲಿನ್ ಕೊಟ್ಟರು. ಆದರೆ ಈ ಮದ್ದಿನ ಸ್ವಭಾವವೇ ಬೇರೆ. ಕಡಮೆಯಾದರೆ ರಕ್ತದಲ್ಲಿ ಸಕ್ಕರೆ ಏರಿ, ದೇಹ ಕೊಬ್ಬನ್ನು ಸುಟ್ಟು, ರಕ್ತವೇ ಹುಳಿಯಾಗಿ ರೋಗಿ ಎಚ್ಚರ ತಪ್ಪುತ್ತಾನೆ. ಹೆಚ್ಚಾದರೂ ಎಚ್ಚರ ತಪ್ಪುತ್ತಾನೆ. ಈ ಎರಡರ ನಡುವಣ ಕಿರುದಾರಿಯಲ್ಲಿ ಪ್ರತಿದಿನವೂ, ಸಾಯುವವರೆಗೂ ನಡೆಯಬೇಕು, ಪಕ್ಕದಲ್ಲಿ ವೈದ್ಯನಿರುವುದಿಲ್ಲ.

ಹೀಗಾಗಿ ಬಾಸ್ಟನ್ನಿನಲ್ಲಿ ರೋಗಿಗಳು ವಿದ್ಯಾರ್ಥಿಗಳಾದರು. ಆಹಾರವನ್ನು ತಕ್ಕಡಿಯಲ್ಲಿ ತೂಗುವುದು, ಸೂಜಿ ಕುದಿಸಿ ಚುಚ್ಚಿಕೊಳ್ಳುವುದು, ಮೂತ್ರದ ಕೆಲವು ತೊಟ್ಟುಗಳನ್ನು ಬೆನೆಡಿಕ್ಟ್ ದ್ರಾವಣದೊಡನೆ ಕಾಯಿಸಿ ಬಣ್ಣ ನೋಡುವುದು, ಇವೆಲ್ಲ ಪಾಠಗಳು. ದ್ರಾವಣ ನೀಲಿಯಾಗಿಯೇ ಉಳಿದರೆ ನೆಮ್ಮದಿ. ಇಟ್ಟಿಗೆಯ ಕೆಂಪಿಗೆ ತಿರುಗಿದರೆ ಸಕ್ಕರೆ ವಿಪರೀತ. ಮನೆಮನೆಗೆ ಹೋಗಿ ಕಲಿಸಲು ಜಾಸ್ಲಿನ್ನರು ಸಂಚಾರಿ ದಾದಿಯರನ್ನೇ ತಯಾರುಮಾಡಿದರು. ಕಾಯಿಲೆಯ ಹತೋಟಿಯನ್ನು ಅವರು ಮೂರು ಕುದುರೆಗಳ ರಥಕ್ಕೆ ಹೋಲಿಸುತ್ತಿದ್ದರು: ಪಥ್ಯ, ವ್ಯಾಯಾಮ, ಇನ್ಸುಲಿನ್. ಕಠೋಪನಿಷತ್ತಿನ ರಥವನ್ನು ಬಲ್ಲ ನಮಗೆ ಈ ಹೋಲಿಕೆ ತಟ್ಟನೆ ಹಿಡಿಸುತ್ತದೆ. ಆದರೆ ಅಲ್ಲಿಯಂತೆ ಇಲ್ಲಿಯೂ ಕೇಳಬೇಕಾದ ಪ್ರಶ್ನೆಯೊಂದಿದೆ: ಸಾರಥಿ ಯಾರು?

ಜಾಸ್ಲಿನ್ನರು ರೋಗಿಯೇ ಸಾರಥಿ ಎಂದರು. ಆದರೆ ದಾರಿಯನ್ನು ಗೊತ್ತುಮಾಡುತ್ತಿದ್ದವರು ವೈದ್ಯರೇ. ಇಷ್ಟು ಗಂಟೆಗೆ ಇಷ್ಟು ಇನ್ಸುಲಿನ್, ಇಷ್ಟು ಗಂಟೆಗೆ ಇಷ್ಟು ತೂಕದ ರೊಟ್ಟಿ; ತಪ್ಪಿದರೆ ಅದು ರೋಗಿಯ ನಡತೆಯ ದೋಷ. ಜರ್ಮನಿಯ ಬ್ರೆಸ್ಲಾವ್ ನಗರದ ಮಕ್ಕಳ ವೈದ್ಯ ಕಾರ್ಲ್ ಸ್ಟೋಲ್ಟೆ ಇದಕ್ಕೆ ತಿರುವುಮುರುವಾದ ಮಾತನ್ನು ಆಡಿದರು. ಮಗು ಬೇಕಾದ್ದನ್ನು ತಿನ್ನಲಿ, ಇನ್ಸುಲಿನ್ ಅದಕ್ಕೆ ತಕ್ಕಂತೆ ಬದಲಾಗಲಿ ಎಂದರು. ಆ ಕಾಲದ ದೊಡ್ಡ ವೈದ್ಯರು ಅದನ್ನು ಒಪ್ಪಲಿಲ್ಲ. ಮುಂದೆ 1936ರಿಂದ ಈಚೆಗೆ ನಿಧಾನವಾಗಿ ಕೆಲಸಮಾಡುವ ಇನ್ಸುಲಿನ್ನುಗಳು ಬಂದವು; ದಿನಕ್ಕೊಂದೇ ಸೂಜಿಮದ್ದು ಸಾಕೆಂಬ ಭಾವನೆ ಹರಡಿತು. ಅನುಕೂಲವೇನೋ ಹೌದು. ಆದರೆ ಬೆಳಗ್ಗೆ ಚುಚ್ಚಿದ ಮದ್ದು ಇಡೀ ದಿನವನ್ನು ಆಳತೊಡಗಿತು. ಹಸಿವಿರಲಿ ಇಲ್ಲದಿರಲಿ, ಗಡಿಯಾರ ನೋಡಿ ಉಣ್ಣಬೇಕು.

ಬೇರೆಡೆಗಳಲ್ಲಿ ಪಾಠ ಹೇಳಿದವರಿರಲಿಲ್ಲವೆಂದಲ್ಲ. ಲಿಸ್ಬನ್ನಿನಲ್ಲಿ ಎರ್ನೆಸ್ಟೋ ರೋಮಾ ಎಂಬ ವೈದ್ಯರು 1926ರಲ್ಲಿಯೇ ಬಡ ರೋಗಿಗಳಿಗಾಗಿ ಒಂದು ಸಂಘವನ್ನು ಸ್ಥಾಪಿಸಿದರು. ಲಂಡನ್ನಿನ ಡಾಕ್ಟರ್ ಲಾರೆನ್ಸ್ ಸ್ವತಃ ರೋಗಿ. ಸಾಯಲೆಂದೇ ಇಟಲಿಗೆ ಹೋಗಿದ್ದವರು 1923ರಲ್ಲಿ ಇನ್ಸುಲಿನ್ ಸಿಕ್ಕಿತೆಂದು ತಿಳಿದು ಹಿಂತಿರುಗಿ ಬದುಕಿಕೊಂಡರು. 1934ರಲ್ಲಿ, ಅದೇ ಕಾಯಿಲೆಯಿದ್ದ ಕಾದಂಬರಿಕಾರ ಎಚ್. ಜಿ. ವೆಲ್ಸ್ ಅವರೊಡನೆ ಸೇರಿ ರೋಗಿಗಳ ಸಂಘವೊಂದನ್ನು ಕಟ್ಟಿದರು. ಆದರೂ ಪಾಠವನ್ನು ಚಿಕಿತ್ಸೆಯ ಅಂಗವೆಂದು ಒಪ್ಪಿ ಆಸ್ಪತ್ರೆಗಳು ಕ್ರಮವಾಗಿ ಏರ್ಪಡಿಸಲು 1970ರ ದಶಕ ಬರಬೇಕಾಯಿತು. ಲಾಸ್ ಏಂಜಲಿಸಿನ ಬಡವರ ಆಸ್ಪತ್ರೆಯೊಂದರಲ್ಲಿ, ರೋಗಿಗಳಿಗೆ ಕಲಿಸಿ, ಸಂದೇಹ ಬಂದಾಗ ಟೆಲಿಫೋನಿನಲ್ಲಿ ಕೇಳುವ ಏರ್ಪಾಡು ಮಾಡಿದರೆ ಹಾಸಿಗೆ ಹಿಡಿಯುವವರ ಸಂಖ್ಯೆ ಇಳಿಯುತ್ತದೆಂದು ಲಿಯೋನಾ ಮಿಲ್ಲರ್ ಎಂಬ ವೈದ್ಯೆ 1972ರಲ್ಲಿ ತೋರಿಸಿದರು. ಜಿನೀವಾದಲ್ಲಿ 1975ರಲ್ಲಿ ಜಾನ್ ಫಿಲಿಪ್ ಅಸಾಲ್ ಚಿಕಿತ್ಸೆಯನ್ನೂ ಬೋಧನೆಯನ್ನೂ ಒಟ್ಟುಗೂಡಿಸಿದ ವಿಭಾಗವನ್ನು ತೆರೆದರು. ಅದನ್ನು ಮಾದರಿಯಾಗಿಟ್ಟುಕೊಂಡು ಡ್ಯುಸೆಲ್ಡಾರ್ಫಿನಲ್ಲಿ ಮಿಖಾಯೆಲ್ ಬೆರ್ಗರ್ ಐದು ದಿನಗಳ ಪಾಠಕ್ರಮವನ್ನು ರೂಪಿಸಿದರು. ಸ್ಟೋಲ್ಟೆಯವರ ಹಳೆಯ ಮಾತಿಗೆ ಅಲ್ಲಿ ಜೀವ ಬಂತು: ಊಟಕ್ಕೆ ತಕ್ಕ ಇನ್ಸುಲಿನ್ನೇ ಹೊರತು ಇನ್ಸುಲಿನ್ನಿಗೆ ತಕ್ಕ ಊಟವಲ್ಲ. ಲೆಕ್ಕವನ್ನು ರೋಗಿಯೇ ಮಾಡಬೇಕು.

ಯಂತ್ರ ಬಂದದ್ದು ಈ ಹೊತ್ತಿನಲ್ಲಿ. 1960ರ ದಶಕದ ಆರಂಭದಲ್ಲಿ ಲಾಸ್ ಏಂಜಲಿಸಿನ ಆರ್ನಲ್ಡ್ ಕಾಡಿಷ್ ಬೆನ್ನಮೇಲೆ ಹೊರುವಷ್ಟು ದೊಡ್ಡದಾದ ಪಂಪೊಂದನ್ನು ಮಾಡಿದ್ದರು. ಅದನ್ನು ಹೊತ್ತು ನಡೆಯಲು ಸಿಪಾಯಿಯ ಮೈಕಟ್ಟೇ ಬೇಕಿತ್ತೇನೋ. ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ಪಿಕಪ್, ಹ್ಯಾರಿ ಕೀನ್ ಮತ್ತು ಸಂಗಡಿಗರು ಚರ್ಮದಡಿಗೆ ಹಗಲಿರುಳೂ ಇನ್ಸುಲಿನ್ ಹರಿಸುವ ಸಣ್ಣ ಪಂಪಿನ ವರದಿಯನ್ನು 1978ರಲ್ಲಿ ಪ್ರಕಟಿಸಿದರು. ಮರುವರ್ಷ ಯೇಲ್ ವಿಶ್ವವಿದ್ಯಾನಿಲಯದ ವಿಲಿಯಂ ಟ್ಯಾಂಬರ್ಲೇನ್ ಮೊದಲಾದವರ ವರದಿ ಬಂತು. ತತ್ತ್ವ ಸರಳ. ಆರೋಗ್ಯವಂತನ ಮೇದೋಜೀರಕ ಗ್ರಂಥಿ ಸದಾ ಸ್ವಲ್ಪ ಸ್ವಲ್ಪ ಇನ್ಸುಲಿನ್ ಸ್ರವಿಸುತ್ತದೆ, ಉಂಡಾಗ ಹೆಚ್ಚಾಗಿ ಸ್ರವಿಸುತ್ತದೆ. ಪಂಪೂ ಹಾಗೆಯೇ ತೊಟ್ಟು ತೊಟ್ಟಾಗಿ ಹರಿಸುತ್ತದೆ. ಊಟದ ಹೊತ್ತಿಗೆ ಗುಂಡಿ ಒತ್ತಿದರೆ ಹೆಚ್ಚು ಕೊಡುತ್ತದೆ. ಆದರೆ ಎಷ್ಟು? ಅದನ್ನು ಗ್ರಂಥಿ ಬಲ್ಲದು. ಆ ಯಂತ್ರ ಅರಿಯದು. ಒತ್ತುವ ಬೆರಳಿಗೆ ಗೊತ್ತಿರಬೇಕು.

ಇನ್ನೊಂದು ತೊಡಕೂ ಇದೆ. ಪಂಪಿನಲ್ಲಿರುವುದು ಬೇಗ ಕೆಲಸಮಾಡಿ ಬೇಗ ಮುಗಿಯುವ ಇನ್ಸುಲಿನ್ ಮಾತ್ರ. ಚರ್ಮದೊಳಗಿನ ಮೃದುವಾದ ನಳಿಕೆ ಮಡಚಿಕೊಂಡರೆ, ಕೊಳವೆಯಲ್ಲಿ ಗಾಳಿಯ ಗುಳ್ಳೆ ಸೇರಿದರೆ, ಕೆಲವೇ ಗಂಟೆಗಳಲ್ಲಿ ದೇಹದಲ್ಲಿ ಇನ್ಸುಲಿನ್ನೇ ಇಲ್ಲದಂತಾಗುತ್ತದೆ. ದಿನಕ್ಕೊಮ್ಮೆ ನಿಧಾನದ ಮದ್ದು ಚುಚ್ಚಿಕೊಳ್ಳುವವನಿಗೆ ಇರುವ ಗಂಟುಮೂಟೆ ಇವನಿಗಿಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಪಂಪು ಧರಿಸಿದ್ದ ಕೆಲವರು ಸತ್ತಾಗ ಸರಕಾರದ ಆರೋಗ್ಯ ಇಲಾಖೆ ವಿಚಾರಣೆ ನಡೆಸಿತು. ಪಂಪಿನಿಂದಲೇ ಸಾವು ಹೆಚ್ಚಾಯಿತೆಂದು ಹೇಳುವಂತಿಲ್ಲವೆಂದು ಕಂಡುಬಂದರೂ, ಪೆಟ್ಟಿಗೆಯನ್ನು ಕೊಟ್ಟು ಕಳಿಸಿಬಿಡುವ ವಸ್ತು ಇದಲ್ಲವೆಂಬುದು ಮನದಟ್ಟಾಯಿತು.

ಆದ್ದರಿಂದ ಪಂಪಿನ ತರಗತಿಯಲ್ಲಿ ಗುಂಡಿಗಳ ಪರಿಚಯಕ್ಕೆ ಸಲ್ಲುವ ವೇಳೆ ಕಡಮೆ. ನಳಿಕೆಯನ್ನು ಎರಡು ಮೂರು ದಿನಕ್ಕೊಮ್ಮೆ ಬೇರೆ ಜಾಗಕ್ಕೆ ಬದಲಾಯಿಸುವುದು. ಜ್ವರ ಬಂದ ದಿನ ಊಟ ಬಿಟ್ಟರೂ ಇನ್ಸುಲಿನ್ ಬಿಡದಿರುವುದು. ಈಜುವಾಗ, ಆಡುವಾಗ ಏನು ಮಾಡಬೇಕೆಂಬುದು. ಸಕ್ಕರೆ ಕಾರಣವಿಲ್ಲದೆ ಏರಿದರೆ ಮೊದಲು ಯಂತ್ರವನ್ನೇ ಸಂಶಯಿಸುವುದು. ಎಲ್ಲಕ್ಕಿಂತ ದೀರ್ಘವಾದ ಪಾಠ ತಟ್ಟೆಯದು. ಎದುರಿಗಿರುವ ಆಹಾರದಲ್ಲಿ ಎಷ್ಟು ಗ್ರಾಂ ಶರ್ಕರಪಿಷ್ಟವಿದೆಯೆಂದು ಅಂದಾಜು ಮಾಡಬೇಕು. ಪೊಟ್ಟಣದ ಮೇಲೆ ಅಂಕಿ ಅಚ್ಚಾಗಿರುವ ನಾಡಿನಲ್ಲಿ ಇದು ಅಷ್ಟು ಕಷ್ಟವಲ್ಲ. ಅಜ್ಜಿ ಕಟ್ಟಿದ ರಾಗಿಮುದ್ದೆಗೆ ಯಾವ ಚೀಟಿ ಅಂಟಿಸಿರುತ್ತದೆ? ಒಬ್ಬಳ ಮುದ್ದೆ ಕಿತ್ತಳೆಯಷ್ಟು, ಇನ್ನೊಬ್ಬಳದು ತೆಂಗಿನಕಾಯಿಯಷ್ಟು. ಹಬ್ಬದ ದಿನ ಹೋಳಿಗೆಯ ಮೇಲೆ ಹೋಳಿಗೆ ಬಡಿಸಿ, ಬೇಡವೆಂದರೆ ಮುನಿಸಿಕೊಳ್ಳುವ ಮನೆಯಲ್ಲಿ ಲೆಕ್ಕ ಹಿಡಿಯುವುದನ್ನು ಲಂಡನ್ನಿನ ಪಾಠಪುಸ್ತಕ ಕಲಿಸಲಾರದು. ನಮ್ಮವರೇ, ನಮ್ಮ ಮಾತಿನಲ್ಲೇ, ನಮ್ಮ ಅಡಿಗೆಮನೆಯ ಲೋಟ ಸೌಟುಗಳ ಅಳತೆಯಲ್ಲೇ ಕಲಿಸಬೇಕು.

ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡಗಳು ಉಳಿಯುವುವೇ ಎಂಬ ಹಳೆಯ ವಾದವನ್ನು ತೀರ್ಮಾನಿಸಲು ಅಮೆರಿಕ ಮತ್ತು ಕೆನಡಾಗಳಲ್ಲಿ 1983ರಿಂದ 1993ರವರೆಗೆ 1,441 ಮಂದಿಯನ್ನು ಪರೀಕ್ಷಿಸಿದರು. ಬಿಗಿ ಚಿಕಿತ್ಸೆ ಪಡೆದವರಲ್ಲಿ, ಕಣ್ಣಿನ ತೊಂದರೆ ಇನ್ನೂ ಮೊದಲಾಗದಿದ್ದವರಿಗೆ ಅದು ತಗಲುವ ಅಪಾಯ ನೂರಕ್ಕೆ 76ರಷ್ಟು ಇಳಿಯಿತು. ಜೊತೆಗೆ ಸಕ್ಕರೆ ತೀರ ಕುಸಿದು ಬೀಳುವ ಆಪತ್ತು ಸುಮಾರು ಮೂರು ಪಟ್ಟು ಏರಿತು. ಈ ಬಿಗಿ ಚಿಕಿತ್ಸೆ ಪಂಪಿನಿಂದಲೂ ನಡೆಯಿತು, ದಿನಕ್ಕೆ ಮೂರು ನಾಲ್ಕು ಸೂಜಿಮದ್ದುಗಳಿಂದಲೂ ನಡೆಯಿತು. ಎರಡಕ್ಕೂ ಸಮಾನವಾಗಿದ್ದುದು ಬಿಡದೆ ಬೆನ್ನುಹತ್ತಿ ಕಲಿಸಿದ ದಾದಿಯರು, ಆಹಾರತಜ್ಞರು.

ಹಾಗಾದರೆ ಫಲ ಯಂತ್ರದ್ದೋ ಪಾಠದ್ದೋ? ಇಂಗ್ಲೆಂಡಿನವರು ಡ್ಯುಸೆಲ್ಡಾರ್ಫಿನ ಐದು ದಿನಗಳ ಪಾಠವನ್ನು ‘ಡ್ಯಾಫ್ನೆ’ ಎಂಬ ಹೆಸರಿನಲ್ಲಿ ತಮ್ಮ ನಾಡಿಗೆ ತಂದು, ಕಲಿತವರ ಹತೋಟಿ ಉತ್ತಮಗೊಂಡಿತೆಂದೂ ಊಟದ ಸ್ವಾತಂತ್ರ್ಯ ಹೆಚ್ಚಿತೆಂದೂ 2002ರಲ್ಲಿ ತೋರಿಸಿದ್ದರು. 2017ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆ ಮೇಲಿನ ಪ್ರಶ್ನೆಯನ್ನೇ ನೇರವಾಗಿ ಎತ್ತಿಕೊಂಡಿತು. 317 ಮಂದಿ ವಯಸ್ಕರಿಗೆ ಒಂದೇ ಬಗೆಯ ಪಾಠ. ಕೆಲವರಿಗೆ ಪಂಪು, ಉಳಿದವರಿಗೆ ಸೂಜಿಮದ್ದು. ಹತೋಟಿಯನ್ನು ಅಳೆಯುವ ರಕ್ತಪರೀಕ್ಷೆಯ ಅಂಕಿ, ಅದು 7.5ಕ್ಕಿಂತ ಮೇಲಿದ್ದವರಲ್ಲಿ, ಎರಡು ವರ್ಷಗಳ ಕೊನೆಗೆ ಪಂಪಿನವರಲ್ಲಿ 0.85ರಷ್ಟು, ಸೂಜಿಯವರಲ್ಲಿ 0.42ರಷ್ಟು ಇಳಿದಿತ್ತು. ಆರಂಭದ ವ್ಯತ್ಯಾಸಗಳನ್ನು ಸರಿದೂಗಿಸಿ ನೋಡಿದಾಗ ಉಳಿದ ಅಂತರ 0.24, ನಿಶ್ಚಯವಾಗಿ ಪಂಪಿನದೇ ಎಂದು ಹೇಳಲಾಗದಷ್ಟು ಚಿಕ್ಕದು. ಚಿಕ್ಕ ಮಕ್ಕಳಿಗೂ, ಪದೇ ಪದೇ ಸಕ್ಕರೆ ಕುಸಿಯುವವರಿಗೂ ಪಂಪು ದೊಡ್ಡ ಉಪಕಾರವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಯಂತ್ರಕ್ಕೆ ಬೆಲೆಚೀಟಿ ಇದೆ, ಮಾರುವವರಿದ್ದಾರೆ, ಜಾಹೀರಾತಿದೆ. ಗಂಟೆಗಟ್ಟಲೆ ಕೂತು ಕಲಿಸುವ ದಾದಿಗೆ ಇದಾವುದೂ ಇಲ್ಲ. ಹಣ ಸಾಲದಾದಾಗ ಮೊದಲು ಕತ್ತರಿ ಬೀಳುವುದು ಅವಳ ಹುದ್ದೆಯ ಮೇಲೆ.

ಈಚೆಗೆ, 2016ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮಾದರಿಯಿಂದ ಮೊದಲುಗೊಂಡು, ರಕ್ತದ ಸಕ್ಕರೆಯ ಜಾಡು ಹಿಡಿದು ತಾನೇ ಇನ್ಸುಲಿನ್ ಹೆಚ್ಚುಕಡಮೆ ಮಾಡುವ ಪಂಪುಗಳು ಬಂದಿವೆ. ಆ ಮೊದಲ ಮಾದರಿಗೂ ಊಟದ ಲೆಕ್ಕವನ್ನು ಮನುಷ್ಯನೇ ಹೇಳಬೇಕಿತ್ತು. ಈ ಯಂತ್ರಗಳ ತರಗತಿಗಳಲ್ಲಿಯೂ ಒಂದು ಹಳೆಯ ಪಾಠ ಉಳಿದಿದೆ: ಪಂಪು ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು, ಮನೆ ಬಿಡುವಾಗ ಚೀಲದಲ್ಲಿ ಒಂದು ಸೀಸೆ ಇನ್ಸುಲಿನ್ನೂ ಒಂದು ಸಿರಿಂಜೂ ಇರಲೇಬೇಕು. ಅದರಲ್ಲಿ ಅಳತೆ ಮಾಡಿ ಮದ್ದು ಎಳೆಯುವುದನ್ನು ಬಾಸ್ಟನ್ನಿನ ದಾದಿಯರು ಕಲಿಸಿದಂತೆಯೇ ಇಂದೂ ಕೈಹಿಡಿದು ಕಲಿಸುತ್ತಾರೆ.